ಕಾಲೊತ್ತುವ ಸುಖ

ಭಾಷಣ ಮಾಡಲು ಬಂದವನು ತನ್ನ ವಿಷಯದ ಘನತೆಯನ್ನು ಮೊದಲು ನಾಲ್ಕು ಮಾತುಗಳಲ್ಲಿ ಸ್ಥಾಪಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡಿರುವ ವಿಷಯಕ್ಕೆ ಆ ಸೌಕರ್ಯವಿಲ್ಲ. ಅದು ದೇಹದ ಅತ್ಯಂತ ಕೆಳಗಿನ ಭಾಗಕ್ಕೆ ಸೇರಿದ್ದು. ಸಭೆಗಳಲ್ಲಿ ನಾವು ಅದನ್ನು ಮೇಜಿನ ಅಡಿಯಲ್ಲಿ ಅಡಗಿಸುತ್ತೇವೆ. ದೇವಾಲಯದಲ್ಲಿ ಅದರ ಪಾದರಕ್ಷೆಯನ್ನು ಹೊರಗೆ ಬಿಡುತ್ತೇವೆ. ಅರಿಯದೆ ಅದು ಯಾರಿಗಾದರೂ ತಗಲಿದರೆ ಆ ಕೂಡಲೆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಆದರೆ ಬಾನುಲಿಗೆ ಒಂದು ಅನುಕೂಲವುಂಟು. ನೀವು ನನ್ನನ್ನು ನೋಡಲಾರಿರಿ, ನಾನು ನಿಮ್ಮನ್ನು ನೋಡಲಾರೆ. ಈ ಹೊತ್ತಿನಲ್ಲಿ ಮನೆಯ ಆರಾಮಕುರ್ಚಿಯಲ್ಲಿ ಒರಗಿ, ದಿನವೆಲ್ಲ ಬೂಟಿನೊಳಗೆ ಸೆರೆಯಾಗಿದ್ದ ಕಾಲುಗಳನ್ನು ಎದುರಿನ ಮಣೆಯ ಮೇಲೆ ಚಾಚಿಕೊಂಡು ನೀವು ಕೇಳುತ್ತಿದ್ದರೆ, ದಯವಿಟ್ಟು ಹಾಗೆಯೇ ಇರಿ. ನಾನು ಮಾತನಾಡಬೇಕೆಂದಿರುವುದು ಆ ಕಾಲುಗಳನ್ನು ಕುರಿತೇ.

ನನಗೊಂದು ಹವ್ಯಾಸವಿದೆ. ಕೆಲವರು ಅಂಚೆಯ ಚೀಟಿಗಳನ್ನು ಕೂಡಿಡುತ್ತಾರೆ, ಕೆಲವರು ಗುಲಾಬಿಯನ್ನು ಬೆಳೆಸುತ್ತಾರೆ. ನಾನು ಕಾಲು ಒತ್ತುತ್ತೇನೆ. ನನ್ನ ಕಾಲನ್ನಲ್ಲ, ಇತರರ ಕಾಲನ್ನು. ಸ್ನೇಹಿತರು, ನೆಂಟರು, ನೆರೆಹೊರೆಯ ವೃದ್ಧರು, ಕೆಲವು ಸಲ ಹೆಸರೂ ತಿಳಿಯದ ದಾರಿಗರು, ಇವರ ಪಾದಗಳಿಗೆ ಎಣ್ಣೆ ಹಚ್ಚಿ, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಡುತ್ತೇನೆ. ನಾನು ವೈದ್ಯನಲ್ಲ. ಇದರಿಂದ ಒಂದು ಬಿಡಿಗಾಸನ್ನೂ ಸಂಪಾದಿಸಿದವನಲ್ಲ. ಪುಣ್ಯ ಬರಲೆಂದು ಮಾಡುವುದೂ ಅಲ್ಲ. ಹಾಗಾದರೆ ಏಕೆ ಮಾಡುತ್ತೀರಿ ಎಂದು ಕೇಳುವವರಿಗೆ ನಾನು ಬಹುಕಾಲ ಬೇರೆ ಬೇರೆ ಉತ್ತರಗಳನ್ನು ಕೊಡುತ್ತಿದ್ದೆ. ನಿಜವಾದ ಉತ್ತರವನ್ನು ಒಪ್ಪಿಕೊಳ್ಳುವುದಕ್ಕೆ ಅನೇಕ ವರ್ಷಗಳೇ ಬೇಕಾದುವು. ಅದು ಇಷ್ಟೇ: ನನಗೆ ಅದರಲ್ಲಿ ಸುಖವಿದೆ. ಈ ಸಣ್ಣ ಮಾತನ್ನು ಒಪ್ಪಿಕೊಳ್ಳಲು ಅಷ್ಟು ಕಾಲ ಏಕೆ ಬೇಕಾಯಿತು, ಒಪ್ಪಿಕೊಳ್ಳದಿದ್ದುದರಿಂದ ಎಂಥ ಹಾನಿ ಸಂಭವಿಸುವುದರಲ್ಲಿತ್ತು ಎಂಬುದೇ ನನ್ನ ಈ ಹೊತ್ತಿನ ಕಥೆ.

ನಾನು ಸವಡಿಯವನು. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಊರು. ಕಣ್ಣು ಹಾಯುವವರೆಗೂ ಎರೆಯ ಭೂಮಿ. ಜೋಳ, ಕುಸುಬೆ, ಕಡಲೆ, ಹತ್ತಿ. ಮಳೆಗಾಲದಲ್ಲಿ ಆ ಕರಿಯ ಮಣ್ಣು ಹೆಜ್ಜೆಯಿಟ್ಟವನ ಕಾಲನ್ನು ಹಿಡಿದುಕೊಂಡು ಬಿಡಲೊಲ್ಲದು. ಪ್ರತಿ ಹೆಜ್ಜೆಗೂ ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಬೇಸಗೆಯಲ್ಲಿ ಅದೇ ಭೂಮಿ ಕೈ ತೂರಿಸುವಷ್ಟು ಅಗಲವಾಗಿ ಬಿರಿಯುತ್ತದೆ. ಆ ನೆಲದಲ್ಲಿ ಬರಿಗಾಲಿನಿಂದ ಬಾಳಿದವರ ಹಿಮ್ಮಡಿಯನ್ನು ನೀವು ನೋಡಿದರೆ, ಹೊಲಕ್ಕೂ ಹಿಮ್ಮಡಿಗೂ ಒಂದೇ ಬಗೆಯ ಬಿರುಕು ಏಕೆ ಬಂದಿತೆಂದು ಅಚ್ಚರಿಪಡುವಿರಿ.

ನಮ್ಮ ಅಜ್ಜ ಅಂಥ ಕಾಲಿನ ಒಕ್ಕಲಿಗ. ರಾತ್ರಿ ಊಟವಾದ ಮೇಲೆ ಆತ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಅಡ್ಡಾಗುವನು. ಅವನ ಕಾಲಿಗೆ ಎಣ್ಣೆ ತಿಕ್ಕುವ ಕೆಲಸ ನನ್ನದು. ಎಣ್ಣೆಯೆಂದರೆ ಔಡಲೆಣ್ಣೆ, ನೀವು ಈ ಕಡೆ ಹರಳೆಣ್ಣೆಯೆನ್ನುವುದು. ಚಿಮಣಿಯ ದೀಪದ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ ಹಚ್ಚಿ, ಕಂಚಿನ ಬಟ್ಟಲಿನ ಬುಡದಿಂದ ಅಂಗಾಲನ್ನು ಉಜ್ಜಬೇಕು. ಉಜ್ಜುತ್ತ ಉಜ್ಜುತ್ತ ಎಣ್ಣೆ ಕರಿಯ ಬಣ್ಣಕ್ಕೆ ತಿರುಗುವುದು. ದೇಹದ ಉಷ್ಣವೆಲ್ಲ ಹೀಗೆ ಹೊರಗೆ ಬರುತ್ತದೆಂದು ಮನೆಯವರು ನಂಬಿದ್ದರು. ಎಣ್ಣೆ, ಬೆವರು, ಕಂಚಿನ ಲೋಹ ಇವು ಮೂರೂ ತಿಕ್ಕಾಟದಲ್ಲಿ ಕೂಡಿ ಆ ಕಪ್ಪು ಬರುತ್ತದೆಂದು ನಾನು ತಿಳಿದದ್ದು ಬಹಳ ತಡವಾಗಿ. ಆಗಂತೂ ನನಗೆ ಅಜ್ಜನ ಉಷ್ಣದ ಯೋಚನೆಯೂ ಇರಲಿಲ್ಲ, ಲೋಹದ ಯೋಚನೆಯೂ ಇರಲಿಲ್ಲ. ಒಂದು ಕಾಲಿಗೆ ಐನೂರು ಸಲ ಎಂದು ಕರಾರಾಗಿತ್ತು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ನೂರಾ ಇಪ್ಪತ್ತರಿಂದ ನೂರಾ ನಲವತ್ತಕ್ಕೆ ಹಾರುತ್ತಿದ್ದೆ. ಅಜ್ಜ ಕಣ್ಣು ಮುಚ್ಚಿಯೇ ಹೇಳುವನು: "ತಮ್ಮಾ, ನಡುವಿನ ಇಪ್ಪತ್ತು ಎಲ್ಲಿ ಹೋದ್ವು? ಬಾಯಿ ಎಣಿಸಿದ್ರ ಸಾಲದಪಾ, ಕೈ ಎಣಿಸಬೇಕು."

ಅದೇ ಪಡಸಾಲೆಯ ಮೂಲೆಯಲ್ಲಿ ನಮ್ಮ ಅವ್ವ ಅಜ್ಜಿಯ ಕಾಲು ಒತ್ತುತ್ತಿದ್ದಳು. ಅದು ಮುಗಿದ ಮೇಲೆ ಹೊಲದಿಂದ ಬಂದ ಅಪ್ಪನ ಕಾಲು. ನಾವು ಮಕ್ಕಳು ಜ್ವರ ಬಂದು ಮಲಗಿದರೆ ನಮ್ಮ ಕಾಲು. ಅವಳ ಕಾಲನ್ನು ಯಾರು ಒತ್ತುತ್ತಿದ್ದರೆಂಬ ಪ್ರಶ್ನೆ ಆ ಮನೆಯಲ್ಲಿ ಯಾರಿಗೂ, ನನಗೂ, ಹೊಳೆಯಲಿಲ್ಲ. ಈ ಸಂಗತಿಯನ್ನು ಇಲ್ಲಿಗೆ ಬಿಟ್ಟಿರುತ್ತೇನೆ, ಅದಕ್ಕೆ ಹಿಂದಿರುಗಬೇಕಾಗಿದೆ.

ಈಗ ಕಾಲಿನ ವಿಚಾರವಾಗಿ ಸ್ವಲ್ಪ. ನಮ್ಮ ಭಾಷೆಯಲ್ಲಿ ಕಾಲು ಎಂಬ ಮಾತಿಗೆ ಎರಡು ಅರ್ಥಗಳುಂಟಷ್ಟೆ: ಒಂದು ನಡೆಯುವ ಅಂಗ, ಇನ್ನೊಂದು ನಾಲ್ಕನೆಯ ಒಂದು ಪಾಲು. ಸಂಸ್ಕೃತದ ಪಾದ ಶಬ್ದಕ್ಕೂ ಈ ಎರಡು ಅರ್ಥಗಳಿವೆ. ನಾಲ್ಕು ಕಾಲಿನ ಪಶುವನ್ನು ನೋಡಿ ಈ ಲೆಕ್ಕ ಹುಟ್ಟಿರಬೇಕು. ಆದರೆ ಎರಡೇ ಕಾಲಿನ ಮನುಷ್ಯನಲ್ಲಿಯೂ ಈ ಲೆಕ್ಕ ವಿಚಿತ್ರವಾಗಿ ಸರಿಹೋಗುತ್ತದೆ. ಬೆಳೆದ ಮನುಷ್ಯನ ಶರೀರದಲ್ಲಿ ಸಾಮಾನ್ಯವಾಗಿ 206 ಮೂಳೆಗಳು. ಒಂದೊಂದು ಪಾದದಲ್ಲಿ 26; ಎರಡರಲ್ಲಿ ಕೂಡಿ 52. ಎಂದರೆ ಇಡೀ ಅಸ್ಥಿಪಂಜರದ ಹೆಚ್ಚುಕಡಮೆ ಕಾಲು ಭಾಗವು ಕಾಲಿನ ತುದಿಯಲ್ಲಿಯೇ ಇದೆ. ಈ ಚಿಕ್ಕ ಚಿಕ್ಕ ಮೂಳೆಗಳು ನಾರುಗಳಿಂದ ಬಿಗಿಯಲ್ಪಟ್ಟು, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಕಮಾನನ್ನು ರಚಿಸಿವೆ. ಹೆಜ್ಜೆಯೂರಿದಾಗ ಆ ಕಮಾನು ಕೊಂಚ ತಗ್ಗುತ್ತದೆ, ಎತ್ತಿದಾಗ ಮೊದಲಿನಂತಾಗುತ್ತದೆ. ಮುಂಜಾನೆಯಿಂದ ಸಂಜೆಯವರೆಗೆ ಸಾವಿರಾರು ಬಾರಿ ಇಡೀ ಮೈಭಾರವನ್ನು ಹೊತ್ತು ಇಳಿಸುವ ಈ ಯಂತ್ರವನ್ನು, ನಾವು ಮುಖಕ್ಕೆ ಕೊಡುವ ಆರೈಕೆಯ ನೂರರಲ್ಲೊಂದು ಪಾಲಿನಿಂದಲೂ ವಿಚಾರಿಸಿಕೊಳ್ಳುವುದಿಲ್ಲ.

ನಮ್ಮ ಹಿರಿಯರು ವಿಚಾರಿಸಿಕೊಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ದಿನಚರಿಯನ್ನು ಹೇಳುವಾಗ ಪಾದಾಭ್ಯಂಗಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿದೆ. ಪಾದದ ಒರಟುತನ, ಬಿಗಿತ, ಶುಷ್ಕತೆ, ದಣಿವು, ಜೋಮು ಇವು ಶಮನವಾಗುವುವೆಂದೂ, ಕಾಲಿಗೆ ಮೃದುತ್ವವೂ ಬಲವೂ ಸ್ಥೈರ್ಯವೂ ಬರುವುವೆಂದೂ, ಹಿಮ್ಮಡಿ ಒಡೆಯುವುದಿಲ್ಲವೆಂದೂ ಅಲ್ಲಿ ಹೇಳಿದೆ. ದೃಷ್ಟಿಯೂ ತಿಳಿಯಾಗುವುದೆಂಬ ಮಾತೂ ಇದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ನಿತ್ಯವೂ ಅಭ್ಯಂಗ ಮಾಡತಕ್ಕದ್ದೆಂದು ವಿಧಿಸಿ, ಅದರಲ್ಲಿಯೂ ತಲೆ, ಕಿವಿ, ಪಾದ ಈ ಮೂರನ್ನು ಮರೆಯಬಾರದೆಂದನು. ಅಜೀರ್ಣವಾದವನಿಗೆ, ಕಫದಿಂದ ನರಳುವವನಿಗೆ ಅಭ್ಯಂಗ ಕೂಡದೆಂದೂ ಅವನೇ ಎಚ್ಚರಿಸಿದ್ದಾನೆ. ಈ ಎಚ್ಚರಿಕೆಯನ್ನು ನೀವು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಎಲ್ಲಿ ಮಾಡಬಾರದೆಂದು ಬಲ್ಲವನೇ ಒಂದು ವಿದ್ಯೆಯನ್ನು ಬಲ್ಲವನು; ನನಗೆ ಆ ಭಾಗ ಗೊತ್ತಿರಲಿಲ್ಲ.

ವೈದ್ಯರ ಮಾತು ಹೀಗಾದರೆ ಅರಸರ ಮಾತು ಇನ್ನೊಂದು ಬಗೆ. ಕಲ್ಯಾಣದ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನಮ್ಮ ಊರಿಗೆ ಬಹು ದೂರವಲ್ಲದ ಸೂಡಿಯಲ್ಲಿ ಆ ಚಾಲುಕ್ಯರ ಕಾಲದ ಗುಡಿಗಳೂ ನಾಗಕುಂಡವೆಂಬ ಚೆಲುವಾದ ಪುಷ್ಕರಣಿಯೂ ಇವೆಯಾದ್ದರಿಂದ, ಈ ಅರಸನ ವಿಷಯದಲ್ಲಿ ನಮಗೆ ಊರಿನವನೆಂಬ ಸಲಿಗೆ. ಅವನು ತನ್ನ ಗ್ರಂಥವನ್ನು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ ವಿಂಗಡಿಸಿ, ಒಂದು ಭಾಗವನ್ನು ಪೂರ್ತಿಯಾಗಿ ರಾಜನ ಉಪಭೋಗಗಳಿಗೆ ಮೀಸಲಿಟ್ಟಿದ್ದಾನೆ. ಮನೆ, ಸ್ನಾನ, ತಾಂಬೂಲ, ವಸ್ತ್ರ, ಅನ್ನ, ಪಾನೀಯ ಇತ್ಯಾದಿ ಇಪ್ಪತ್ತು ಭೋಗಗಳು. ಆ ಇಪ್ಪತ್ತರಲ್ಲಿ ಪಾದಾಭ್ಯಂಗವೂ ಒಂದು. ನೋಡಿ, ಚರಕನು ಔಷಧದ ಪಕ್ಕದಲ್ಲಿ ಇಟ್ಟದ್ದನ್ನು ಸೋಮೇಶ್ವರನು ಊಟ ಉಡುಗೆಗಳ ಪಕ್ಕದಲ್ಲಿ ಇಟ್ಟನು. ನನಗೆ ಅರಸನ ಈ ನಿಷ್ಕಪಟತೆ ಬಹಳ ಮೆಚ್ಚು. ಆದರೆ ಅವನ ಲೆಕ್ಕದಲ್ಲಿ ಒಂದು ಕೊರತೆ. ಭೋಗವು ಕಾಲು ಚಾಚಿದವನದು. ಅದನ್ನು ಒತ್ತುತ್ತಿದ್ದವನಿಗೆ ಏನನ್ನಿಸಿತೆಂಬುದು ಅವನ ಪಟ್ಟಿಯಲ್ಲಿ ಸೇರಲಿಲ್ಲ. ಚಿಕ್ಕವನಾಗಿ ಐನೂರು ಎಣಿಸುತ್ತಿದ್ದ ನನ್ನನ್ನು ಕೇಳಿದ್ದರೆ, ಅವನಿಗೆ ಸೊಂಟನೋವಲ್ಲದೆ ಬೇರೇನೂ ಇರಲಿಲ್ಲವೆಂದು ಹೇಳುತ್ತಿದ್ದೆ.

ನಾನು ಓದು ಮುಗಿಸಿ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ಹಳೆಯ ಪುಸ್ತಕದಂಗಡಿಯಲ್ಲಿ ಪಾದದ ಪಟವೊಂದು ಕೈಗೆ ಸಿಕ್ಕಿತು. ಎರಡು ಅಂಗಾಲುಗಳ ಚಿತ್ರ. ಅದರ ಮೇಲೆ ಬಣ್ಣ ಬಣ್ಣದ ಗಡಿಗಳು. ಕಾಲ್ಬೆರಳುಗಳ ತುದಿಯಲ್ಲಿ ತಲೆ, ಅವುಗಳ ಬುಡದಲ್ಲಿ ಕಣ್ಣು ಕಿವಿ, ಅದರ ಕೆಳಗಿನ ಉಬ್ಬಿನಲ್ಲಿ ಶ್ವಾಸಕೋಶ, ನಡುವಿನ ತಗ್ಗಿನಲ್ಲಿ ಜಠರ, ಒಳ ಅಂಚಿನುದ್ದಕ್ಕೂ ಬೆನ್ನೆಲುಬು. ಇದೇ ರಿಫ್ಲೆಕ್ಸಾಲಜಿ ಎಂಬ ಪದ್ಧತಿ. ಅಮೆರಿಕದಲ್ಲಿ ಕಿವಿ ಮೂಗು ಗಂಟಲಿನ ವೈದ್ಯನಾಗಿದ್ದ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬಾತನು ಶರೀರವನ್ನು ತಲೆಯಿಂದ ಕಾಲಿನವರೆಗೆ ಹತ್ತು ನೀಳವಾದ ಪಟ್ಟಿಗಳಾಗಿ ಭಾಗಿಸಿ, ಪಟ್ಟಿಯ ಒಂದೆಡೆ ಒತ್ತಿದರೆ ಅದೇ ಪಟ್ಟಿಯ ಮತ್ತೊಂದೆಡೆ ನೋವು ಇಳಿಯುವುದೆಂದು ಪ್ರತಿಪಾದಿಸಿ, ಎಡ್ವಿನ್ ಬೋವರ್ಸ್ ಎಂಬುವನೊಡನೆ 1917ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಯೂನಿಸ್ ಇಂಗಮ್ ಎಂಬ ಮಹಿಳೆ ಆ ತತ್ತ್ವವನ್ನು ಪಾದಕ್ಕೆ ಅನ್ವಯಿಸಿ, ಅಂಗಾಲಿನ ಒಂದೊಂದು ಎಡೆಗೂ ಒಂದೊಂದು ಅವಯವವನ್ನು ಗೊತ್ತುಮಾಡಿ, 1938ರಲ್ಲಿ ತನ್ನ ಪುಸ್ತಕವನ್ನು ಹೊರತಂದಳು. ಇಂದು ಲೋಕದ ಅನೇಕ ನಗರಗಳಲ್ಲಿ ಗೋಡೆಗೆ ತೂಗುಹಾಕಿರುವ ಪಾದದ ಪಟಗಳೆಲ್ಲ ಬಹುಮಟ್ಟಿಗೆ ಈಕೆಯ ಪಟದ ಸಂತಾನ.

ಆ ಪಟವನ್ನು ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮರೆತುಹೋಗಿದ್ದ ಅಜ್ಜನ ಅಂಗಾಲು ಒಂದು ಭೂಪಟವಾಗಿ ತಿರುಗಿ ಬಂದಂತಾಯಿತು. ರಾತ್ರಿಯೆಲ್ಲ ಕುಳಿತು ಅದನ್ನು ಬಾಯಿಪಾಠ ಮಾಡಿದೆ. ಗೆಳೆಯರ ಕಾಲುಗಳನ್ನು ಬೇಡಿಕೊಂಡು ಅಭ್ಯಾಸ ಮಾಡಿದೆ. ಹೆಬ್ಬೆರಳನ್ನು ಕಂಬಳಿಹುಳುವಿನಂತೆ ಮಡಿಸಿ ಬಿಡಿಸಿ ಅಂಗಾಲಿನ ಮೇಲೆ ಇಂಚು ಇಂಚಾಗಿ ನಡೆಸುವ ಕ್ರಮವು ಕೈವಶವಾಯಿತು. ಅಲ್ಲಿಯೇ ಮೊಟ್ಟಮೊದಲ ಬಾರಿಗೆ ನನಗೆ ಆ ಸುಖದ ಅರಿವಾದದ್ದು. ಗೆಳೆಯನ ಕಾಲು ಮೊದಲು ಕೈಯಲ್ಲಿ ಮರದ ತುಂಡಿನಂತೆ ಬಿಗಿದುಕೊಂಡಿರುತ್ತದೆ. ಹತ್ತು ನಿಮಿಷಗಳಾದ ಮೇಲೆ ಯಾವುದೋ ಒಂದು ಕ್ಷಣದಲ್ಲಿ ಅದು ಭಾರವಾಗಿ, ನಂಬಿಕೆಯಿಂದ, ಕೈಯೊಳಕ್ಕೆ ಬಿದ್ದುಬಿಡುತ್ತದೆ. ಮಲಗಿದ ಮಗು ತೋಳಿನಲ್ಲಿ ಭಾರವಾಗುವಂತೆ. ಆ ಕ್ಷಣಕ್ಕೆ ಒತ್ತುವವನ ಉಸಿರೂ ತಾನಾಗಿ ನಿಧಾನವಾಗುತ್ತದೆ. ದಿನದ ಲೆಕ್ಕಪತ್ರ, ಮೇಲಧಿಕಾರಿಯ ಮಾತು, ಮನೆಬಾಡಿಗೆ, ಒಂದೂ ನೆನಪಿಗೆ ಬರುವುದಿಲ್ಲ.

ಆದರೆ ಇದಿಷ್ಟೇ ಸಾಕೆಂದುಕೊಳ್ಳುವ ಬುದ್ಧಿ ನನಗಿರಲಿಲ್ಲ. ಒಬ್ಬ ಪ್ರಾಯದ ಗಂಡಸು, ನಾಲ್ಕಕ್ಷರ ಬಲ್ಲವನು, ಪರರ ಕಾಲನ್ನು ಕೇವಲ ಸಂತೋಷಕ್ಕಾಗಿ ಹಿಡಿಯುತ್ತಾನೆಂದರೆ ಜನ ಏನೆಂದಾರು? ಆದ್ದರಿಂದ ನಾನು ವೈದ್ಯನ ವೇಷವನ್ನು ಹಾಕಿದೆ. ಒತ್ತುತ್ತ ಒತ್ತುತ್ತ, "ಇಲ್ಲಿ ನೋಯುತ್ತದೆಯೆ? ಹಾಗಾದರೆ ನಿಮ್ಮ ಪಿತ್ತಕೋಶ ಸರಿಯಾಗಿಲ್ಲ" ಎನ್ನುವೆನು. ತಲೆನೋವಿಗೆ, ಅಜೀರ್ಣಕ್ಕೆ, ನಿದ್ರೆ ಬಾರದಿರುವುದಕ್ಕೆ ನನ್ನಲ್ಲಿ ಒಂದೊಂದು ಬಿಂದುವಿತ್ತು. ಕೆಲವರ ತಲೆನೋವು ಹೋಗಿಯೂ ಹೋಯಿತು. ಸುಮ್ಮನೆ ಅರ್ಧ ಗಂಟೆ ಕಣ್ಣುಮುಚ್ಚಿ ಮಲಗಿದ್ದರೂ ಅದು ಹೋಗುತ್ತಿತ್ತೆಂಬ ಯೋಚನೆ ನನಗೆ ಹೊಳೆಯಲಿಲ್ಲ. ಕೀರ್ತಿ ಬಂದಿತು. ಕೀರ್ತಿ ಬಂದ ಮೇಲೆ ಯೋಚನೆ ಹೊಳೆಯುವುದು ಇನ್ನೂ ಕಷ್ಟ.

ಒಂದು ಸಲ ರಜದಲ್ಲಿ ಊರಿಗೆ ಹೋಗಿದ್ದೆ. ನನ್ನ ಸೋದರಮಾವ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳಿಂದ ಹಾಸಿಗೆಯಲ್ಲಿದ್ದರು. ಎಡಗಾಲಿನ ಮೀನಖಂಡ ಎರಡು ದಿನಗಳಿಂದ ಬಾತು ನೋಯುತ್ತಿತ್ತು. "ನಿನ್ನ ಕೈ ಗುಣ ಭಾಳ ಕೇಳೀನಿ, ಸ್ವಲ್ಪ ತಿಕ್ಕಪಾ" ಎಂದರು. ನಾನು ಎಣ್ಣೆಯನ್ನು ಬೆಚ್ಚಗೆ ಮಾಡಿಸಿ, ತೋಳು ಏರಿಸಿ, ಬಹುದಿನ ಮಲಗಿದ್ದರಿಂದ ರಕ್ತ ಸಂಚಾರ ನಿಂತಿದೆ, ಬಲವಾಗಿ ಒತ್ತಿದರೆ ಸರಿಹೋಗುತ್ತದೆ ಎಂದು ನಾಲ್ಕು ಜನರ ಮುಂದೆ ವ್ಯಾಖ್ಯಾನ ಮಾಡುತ್ತ ಕೈಚಾಚಿದೆ. ನೆರೆಮನೆಯ ಹುಡುಗಿಯೊಬ್ಬಳು, ದಾದಿಯ ಕೆಲಸ ಕಲಿಯುತ್ತಿದ್ದವಳು, ಬಾಗಿಲಲ್ಲಿ ನಿಂತಿದ್ದಳು. "ಕಾಕಾ, ಮುಟ್ಟಬ್ಯಾಡ್ರಿ" ಎಂದಳು. "ಒಂದ ಕಾಲಷ್ಟ ಬಾತೈತಿ, ಬಿಸಿ ಐತಿ. ಮೊದಲ ದವಾಖಾನಿಗೆ ಒಯ್ಯೂಣ್ರಿ." ಎಲ್ಲರೆದುರಿಗೆ ಚಿಕ್ಕ ಹುಡುಗಿ ತಡೆದಳೆಂದು ನನಗೆ ಸಿಟ್ಟು ಬಂದಿತು. ಆದರೂ ಅವಳ ದನಿಯಲ್ಲಿದ್ದ ಭಯವನ್ನು ಕಂಡು ಕೈ ಹಿಂದಕ್ಕೆ ತೆಗೆದೆ.

ವೈದ್ಯರು ಪರೀಕ್ಷಿಸಿ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದರು. ಬಲವಾಗಿ ಒತ್ತಿದ್ದರೆ ಆ ಹೆಪ್ಪು ಕಳಚಿ ಮೇಲಕ್ಕೆ ಹರಿದು ಶ್ವಾಸಕೋಶದ ನಾಳವನ್ನು ಮುಚ್ಚಬಹುದಾಗಿತ್ತು. ಅದರಿಂದ ಪ್ರಾಣವೇ ಹೋಗುವುದುಂಟು. ಮಾವ ಔಷಧದಿಂದ ಗುಣವಾಗಿ ಮನೆಗೆ ಬಂದರು. ಆ ದಿನ ನನ್ನ ಕೈಗೂ ಅವರ ಕಾಲಿಗೂ ನಡುವೆ ಇದ್ದ ಅಂತರ ಒಂದು ಗೇಣು. ಆ ಗೇಣನ್ನು ನೆನೆದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಊರಿನಿಂದ ಹಿಂದಿರುಗಿದ ಮೇಲೆ ಆ ಪಟವನ್ನು ಗೋಡೆಯಿಂದ ಇಳಿಸಿ, ನಾನು ಜನರಿಗೆ ಹೇಳುತ್ತಿದ್ದುದರಲ್ಲಿ ನಿಜವೆಷ್ಟು ಎಂದು ವಿಚಾರಿಸಲು ತೊಡಗಿದೆ. ಅಂಗಾಲಿನ ಒಂದೆಡೆಯಿಂದ ಪಿತ್ತಕೋಶಕ್ಕೋ ಮೂತ್ರಪಿಂಡಕ್ಕೋ ನೇರವಾಗಿ ಹೋಗುವ ದಾರಿಯನ್ನು ಅಂಗರಚನಾಶಾಸ್ತ್ರಜ್ಞರು ಯಾರೂ ಕಂಡಿಲ್ಲ. ಒಂದು ಪಟಕ್ಕೂ ಇನ್ನೊಂದು ಪಟಕ್ಕೂ ಹೊಂದಿಕೆಯೂ ಇಲ್ಲ. ಎಡ್ಜಾರ್ಡ್ ಅರ್ನ್‌ಸ್ಟ್ ಎಂಬ ವಿದ್ವಾಂಸನು 2009ರಲ್ಲಿ, ಕ್ರಮವರಿತು ನಡೆಸಿದ 18 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಈ ಪದ್ಧತಿಯು ಯಾವುದೇ ರೋಗಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆಯೆಂಬುದಕ್ಕೆ ನಂಬತಕ್ಕ ಆಧಾರ ದೊರೆಯಲಿಲ್ಲವೆಂದು ತೀರ್ಮಾನಿಸಿದನು. ನಾನು ಬಾಯಿಪಾಠ ಮಾಡಿದ್ದ ಭೂಪಟವು ಯಾರೂ ಅಳತೆ ಮಾಡದ ದೇಶದ ಭೂಪಟವಾಗಿತ್ತು.

ಕೆಲವು ತಿಂಗಳು ಯಾರ ಕಾಲನ್ನೂ ಮುಟ್ಟಲಿಲ್ಲ. ಚಿಕಿತ್ಸೆಯಲ್ಲವೆಂದ ಮೇಲೆ ಇದರಲ್ಲಿ ಉಳಿಯುವುದೇನು ಎಂದು ಖಿನ್ನನಾಗಿದ್ದೆ. ಉಳಿಯುವುದೇನೆಂದು ನನಗೆ ತಿಳಿದದ್ದು ಶ್ರೀಶೈಲದ ದಾರಿಯಲ್ಲಿ.

ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಜನ ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಡುವುದನ್ನು ನೀವು ಕೇಳಿರಬಹುದು. ಬಿರುಬಿಸಿಲಿನಲ್ಲಿ ದಿನಗಟ್ಟಲೆ ನಡೆದು, ಕೊನೆಯಲ್ಲಿ ನಲ್ಲಮಲೆಯ ಕಾಡನ್ನು ಹೊಕ್ಕು, ಭೀಮನಕೊಳ್ಳವನ್ನು ಇಳಿದು, ಕೈಲಾಸದ್ವಾರವನ್ನು ಹತ್ತುತ್ತಾರೆ. ದಾರಿಯುದ್ದಕ್ಕೂ ಊರಿನವರು ಪಾದಯಾತ್ರಿಕರಿಗೆ ನೀರು, ಮಜ್ಜಿಗೆ, ಊಟವನ್ನು ನೀಡುತ್ತಾರೆ. ಕಾಲಿಗೆ ಬಿಸಿನೀರು ಹಾಕುತ್ತಾರೆ. ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಒಂದು ವರ್ಷ ನಾನೂ ನಮ್ಮ ಊರಿನವರ ಜೊತೆಯಲ್ಲಿ ಹೊರಟೆ. ಮೂರನೆಯ ದಿನಕ್ಕೆ ನನ್ನ ಪಟ್ಟಣದ ಪಾದಗಳು ಬೊಬ್ಬೆಯೆದ್ದುವು. ದಾರಿಯ ಒಂದು ಚಪ್ಪರದಲ್ಲಿ ಕುಸಿದು ಕುಳಿತಾಗ, ಬಿಳಿಯ ಅಂಗಿ ತೊಟ್ಟ ಹಿರಿಯರೊಬ್ಬರು, ನೋಡಿದರೆ ಹತ್ತೆಕರೆಯ ಒಡೆಯರೆನ್ನಬಹುದಾದವರು, ಒಂದು ಮಾತೂ ಆಡದೆ ನನ್ನ ಮುಂದೆ ಕುಳಿತು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾನು ನಾಚಿ ಎಳೆದುಕೊಂಡೆ. "ಸುಮ್ಮನ ಕುಂದರ್ರಿ" ಎಂದರು. "ನಿಮಗ ಪುಣ್ಯ ಬರ್ತೈತೋ ನನಗ ಬರ್ತೈತೋ ಆಮ್ಯಾಲ ನೋಡೂಣ. ನನಗ ಇದು ಛಲೋ ಅನಸ್ತೈತಿ." ಬೊಬ್ಬೆಯನ್ನು ತಪ್ಪಿಸಿ ಸುತ್ತಲೂ ಎಣ್ಣೆ ಸವರಿದರು. ಯಾವ ಬಿಂದುವನ್ನೂ ಹುಡುಕಲಿಲ್ಲ, ನನ್ನ ಪಿತ್ತಕೋಶದ ವಿಚಾರವನ್ನೂ ಎತ್ತಲಿಲ್ಲ. ನನ್ನದು ಮುಗಿದ ಮೇಲೆ ಪಕ್ಕದಲ್ಲಿದ್ದ ಕೂಲಿಯವನ ಕಾಲನ್ನು ಅದೇ ತೊಡೆಯ ಮೇಲೆ ಇಟ್ಟುಕೊಂಡರು.

ನನಗೆ ಛಲೋ ಅನ್ನಿಸುತ್ತದೆ! ನಾನು ಹತ್ತು ವರ್ಷಗಳಲ್ಲಿ ಆಡಲಾರದೆ ಹೋದ ಮಾತನ್ನು ಆತ ಎಷ್ಟು ಸುಲಭವಾಗಿ ಆಡಿದನು! ಆ ಸಂಜೆ ನಾನೂ ಎಣ್ಣೆಯ ಗಿಂಡಿಯನ್ನು ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತೆ.

ಮಹನೀಯರೇ, ನಮ್ಮ ದೇಶದಲ್ಲಿ ಕಾಲೊತ್ತುವುದು ಹೊಸದಲ್ಲ. ಶೇಷಶಾಯಿಯ ಚಿತ್ರದಲ್ಲಿ ಲಕ್ಷ್ಮಿಯು ನಾರಾಯಣನ ಪಾದವನ್ನು ಒತ್ತುತ್ತಿದ್ದಾಳೆ. ಶಿಷ್ಯನು ಗುರುವಿನ, ಸೊಸೆಯು ಅತ್ತೆಯ, ಆಳು ಒಡೆಯನ ಕಾಲನ್ನು ಒತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಇವುಗಳಲ್ಲಿ ಕೈ ಯಾವಾಗಲೂ ಕೆಳಗಿನವರದು, ಕಾಲು ಮೇಲಿನವರದು. ಎಂದಿಗೂ ತಿರುಗದ ಈ ಏರ್ಪಾಡಿನಿಂದಲೇ ಈ ಕೆಲಸಕ್ಕೆ ದಾಸ್ಯದ ವಾಸನೆ ಅಂಟಿಕೊಂಡಿದೆ. ಅದಕ್ಕಾಗಿಯೇ ಓದಿದವರು ಇದನ್ನು ಹಣ ಕೊಟ್ಟು ಮಾಡಿಸಿಕೊಂಡಾರು, ತಾವಾಗಿ ಮಾಡಲು ನಾಚುತ್ತಾರೆ. ಆದರೆ ಪುರಾಣದಲ್ಲಿ ತಿರುಗಿದ ಉದಾಹರಣೆಯೂ ಉಂಟು. ದ್ವಾರಕೆಯ ಅರಸನು ತನ್ನ ಬಡ ಸಹಪಾಠಿ ಕುಚೇಲನು ಬಂದಾಗ ಅವನ ಧೂಳುಗಾಲನ್ನು ತಾನೇ ತೊಳೆದನು. ಯೇಸುವು ತನ್ನ ಶಿಷ್ಯರ ಕಾಲುಗಳನ್ನು ತೊಳೆದನೆಂದು ಕ್ರೈಸ್ತರು ವರ್ಷಕ್ಕೊಮ್ಮೆ ನೆನೆಯುತ್ತಾರೆ. ಇಂಥ ಕಡೆಯಲ್ಲಿ ಯಾರೂ ಅಪ್ಪಣೆ ಮಾಡಿಲ್ಲ. ಕೈಯು ತಾನೇ ಬಯಸಿ ಬಂದಿದೆ.

ಶ್ರೀಶೈಲದಿಂದ ಹಿಂದಿರುಗಿ ಸವಡಿಯ ಮನೆಯಲ್ಲಿ ಒಂದು ರಾತ್ರಿ ಉಳಿದೆ. ಅಜ್ಜ, ಅಜ್ಜಿ, ಅಪ್ಪ ಯಾರೂ ಉಳಿದಿರಲಿಲ್ಲ. ಅವ್ವ ಒಬ್ಬಳೇ. ಊಟವಾದ ಮೇಲೆ ಅವಳು ಗೋಡೆಗೆ ಒರಗಿ ಕುಳಿತಿದ್ದಳು. ನಾನು ಔಡಲೆಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಬಂದು ಎದುರಿಗೆ ಕುಳಿತು, "ಅವ್ವಾ, ಕಾಲು ಕೊಡು" ಎಂದೆ. ಅವಳು ಗಾಬರಿಯಿಂದ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. "ನನ್ನ ಕಾಲಿಗೇನಾಗೈತಿ? ನಾ ಏನ್ ಜಡ್ಡಾಗಿ ಬಿದ್ದೀನೇನು?" ಎಂದಳು. ರೋಗವಿಲ್ಲದೆ ಒಬ್ಬರಿಂದ ಸೇವೆ ಮಾಡಿಸಿಕೊಳ್ಳಬಹುದೆಂಬ ವಿಚಾರವೇ ಅವಳಿಗೆ ಹೊಸದು. "ಏನೂ ಆಗಿಲ್ಲಬೇ. ನನಗ ಛಲೋ ಅನಸ್ತೈತಿ, ಅದಕ್ಕ" ಎಂದೆ. ಬಹಳ ಹೊತ್ತು ನನ್ನ ಮುಖವನ್ನು ನೋಡಿ, ಕೊನೆಗೆ ಒಂದು ಕಾಲನ್ನು, ಯಾರದೋ ಒಡವೆಯನ್ನು ಅಡವಿಡುವವರಂತೆ ಸಂಕೋಚದಿಂದ ಮುಂದಕ್ಕೆ ಚಾಚಿದಳು.

ಹಿಮ್ಮಡಿಯಲ್ಲಿ ಚೈತ್ರಮಾಸದ ಎರೆಹೊಲವಿತ್ತು. ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದುವು. ನಾನು ಕಂಚಿನ ಬಟ್ಟಲನ್ನು ತೆಗೆದುಕೊಳ್ಳಲಿಲ್ಲ. ಕೈಯಿಂದಲೇ ಎಣ್ಣೆ ಹಚ್ಚಿದೆ. ಮೊದಲು ಆ ಕಾಲು ಬಿಗಿದುಕೊಂಡಿತ್ತು. ಹೊರಗೆ ಯಾರ ಮನೆಯದೋ ಎತ್ತಿನ ಕೊರಳ ಗೆಜ್ಜೆ ಆಗಾಗ ಅಲುಗುತ್ತಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು. ಆ ಕಾಲು ಭಾರವಾಗಿ ನನ್ನ ಕೈಗೆ ಬಂದಿತು. ನಿದ್ದೆ ಹತ್ತಿತೆಂದುಕೊಂಡೆ. ಕಣ್ಣು ಮುಚ್ಚಿಯೇ ಅವ್ವ ಹೇಳಿದಳು: "ಅಜ್ಜಗ ತಿಕ್ಕೂವಾಗ ಎಣಿಸ್ತಿದ್ದಿ. ಈಗ ಎಣಸವಲ್ಲಿ."

ನನ್ನ ಮಾತು ಮುಗಿಯುತ್ತ ಬಂದಿತು. ಕೇಳಿದವರಲ್ಲಿ ಒಬ್ಬಿಬ್ಬರಿಗಾದರೂ ಮಾಡಿ ನೋಡೋಣವೆನ್ನಿಸಿದ್ದರೆ, ಅವರಿಗಾಗಿ ನಾಲ್ಕು ಮಾತು. ಉಗುರು ಕತ್ತರಿಸಿಕೊಳ್ಳಿ. ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳುಗಳ ಸಂದಿನಲ್ಲಿಯೂ ಒರೆಸಿ. ಒಂದು ಚಮಚ ಎಣ್ಣೆ ಸಾಕು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಮನೆಯಲ್ಲಿ ಯಾವುದಿದೆಯೋ ಅದು. ತೀರ ಹಗುರವಾಗಿ ಮುಟ್ಟಿದರೆ ಕಚಗುಳಿಯಾಗುತ್ತದೆ. ಇಡೀ ಅಂಗೈಯನ್ನು ಊರಿ ನಿಧಾನವಾಗಿ ಒತ್ತಬೇಕು. ನೋಯಿತೆಂದರೆ ನಿಲ್ಲಿಸಬೇಕು, ನೋವಿನಿಂದ ಗುಣವೆಂಬುದು ಸುಳ್ಳು. ಒಂದು ಕಾಲು ಮಾತ್ರ ಬಾತು ಬಿಸಿಯಾಗಿದ್ದರೆ ಮುಟ್ಟಬೇಡಿ, ವೈದ್ಯರಲ್ಲಿಗೆ ಕಳುಹಿಸಿ. ಹುಣ್ಣು, ಗಾಯ, ಹೊಸ ಪೆಟ್ಟು ಇದ್ದರೂ ಹಾಗೆಯೇ. ಮಧುಮೇಹವಿರುವವರ ಅಂಗಾಲಿನಲ್ಲಿ ಅನೇಕ ವೇಳೆ ಸ್ಪರ್ಶಜ್ಞಾನವೇ ಕುಂದಿರುತ್ತದೆ; ಮುಳ್ಳು ಚುಚ್ಚಿದರೂ, ನೀರು ಸುಡುತ್ತಿದ್ದರೂ ಅವರಿಗೆ ತಿಳಿಯದು. ಅಂಥವರ ಕಾಲನ್ನು ಒತ್ತುವುದಕ್ಕಿಂತ ದಿನವೂ ದೀಪದ ಬೆಳಕಿನಲ್ಲಿ ತಿರುಗಿಸಿ ನೋಡುವುದೇ ದೊಡ್ಡ ಉಪಕಾರ. ಗೆಳೆಯನೊಬ್ಬನ ಅಂಗಾಲಿನಲ್ಲಿ ಅವನಿಗೇ ಅರಿವಿಲ್ಲದಿದ್ದ ಒಂದು ಹುಣ್ಣನ್ನು ನಾನು ಹೀಗೆ ಕಂಡು ಕೂಡಲೆ ವೈದ್ಯರ ಬಳಿಗೆ ಕರೆದೊಯ್ದೆ. ನನ್ನ ಈ ಹವ್ಯಾಸದಿಂದ ಆರೋಗ್ಯಕ್ಕೆ ಆದ ಖಚಿತವಾದ ಲಾಭ ಅದೊಂದೇ. ಅದನ್ನು ಮಾಡಿದ್ದು ಕಣ್ಣು, ಕೈಯಲ್ಲ.

ಇಷ್ಟು ಎಚ್ಚರವಿದ್ದರೆ ಉಳಿದದ್ದೆಲ್ಲ ಸಂತೋಷದ ವಿಷಯ. ಒಂದು ಕಾಲಿಗೆ ಕಾಲು ಗಂಟೆ ಸಾಕು. ಈ ಭಾಷಣಕ್ಕೂ ಅಷ್ಟೇ ಹೊತ್ತು ಹಿಡಿಯಿತು. ಇನ್ನು ನೀವು ಈ ಯಂತ್ರವನ್ನು ನಿಲ್ಲಿಸಿ, ನಿಮ್ಮ ಮನೆಯಲ್ಲಿ ಎಲ್ಲರ ಕೆಲಸವನ್ನೂ ಮುಗಿಸಿ ಕಟ್ಟಕಡೆಗೆ ಬಂದು ಕುಳಿತುಕೊಳ್ಳುವವರು ಯಾರೆಂದು ಒಮ್ಮೆ ನೋಡಿ. ಎಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಅವರ ಎದುರಿಗೆ ಹೋಗಿ ಕುಳಿತುಕೊಳ್ಳಿ. ಅವರು ಮೊದಲು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವರು. ಸ್ವಲ್ಪ ಹೊತ್ತು ಕಾಯಿರಿ.